ಇವತ್ತು ಮೀನು ಎಲ್ಲಿ?

ಮಾರ್ಚ್ 9

ಪುಟ್ಟೀ,

ಫೋನ್ ಎತ್ತುವುದಿಲ್ಲ ಎಂದು ನೀನು ಹಟ ಹಿಡಿದು ಕೂತಿದ್ದೀಯ, ಅದಕ್ಕೇ ಈ ಕಾಗದ. ಎತ್ತಿದರೂ ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ನಮ್ಮ ಗಾಳದ ಅಂಗಡಿಗೂ ಮನೆಗೂ ನಡುವೆ ಇರುವುದು ಒಂದು ಪರದೆ. ಅಪ್ಪನ ಸೊಂಟ ಹೋಗಿದೆ, ಮೊಣಕಾಲು ಹೋಗಿದೆ, ಕಿವಿ ಮಾತ್ರ ಸೂಜಿ ಬಿದ್ದರೂ ಕೇಳುತ್ತದೆ.

ಸುತ್ತಿ ಬಳಸುವುದು ಬೇಡ. ಅಪ್ಪನ ಹಲಗೆ ತಪ್ಪು ಹೇಳುತ್ತಿದೆ.

ನೀನಿದ್ದಾಗ ಹೇಗಿತ್ತು ನೆನಪು ಮಾಡಿಕೋ. ಬಾಗಿಲ ಪಕ್ಕದ ಕರಿಹಲಗೆ, ಮೇಲ್ಗಡೆ ಬಿಳಿ ಬಣ್ಣದಲ್ಲಿ ಬರೆಸಿದ್ದ "ಇವತ್ತು ಮೀನು ಎಲ್ಲಿ?", ಕೆಳಗೆ ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಉತ್ತರ. ಕೆರೆಯ ಯಾವ ಮೂಲೆ, ಎಷ್ಟು ಆಳ, ಯಾವ ಹುಳು. ಬಾಸ್ ಮೀನು ಹಿಡಿಯಲು ಎಲ್ಲೆಲ್ಲಿಂದಲೋ ಬಂದವರು ಮೊದಲು ಹಲಗೆ ಓದುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಓದಿ ಹೋದವರು ಬರಿಗೈಲಿ ಬಂದದ್ದು ನಾನು ಕಂಡೇ ಇರಲಿಲ್ಲ. ಹೋದ ವರ್ಷದಿಂದ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿತ್ತು, ವಯಸ್ಸಾಯಿತಲ್ಲ ಎಂದುಕೊಂಡೆ. ಈಗ ಹೆಚ್ಚುಕಡಿಮೆ ದಿನಾ ತಪ್ಪುತ್ತಿದೆ.

ಜನ ನಗುತ್ತಾರೆ, ಪುಟ್ಟಿ. ಎದುರಿಗಲ್ಲ, ದೋಣಿ ಕಟ್ಟುವಾಗ. ಹೋದ ಭಾನುವಾರ ಯಾರೋ ಅಪ್ಪನ ಬರಹದ ಕೆಳಗೆ ಬರೆದು ಹೋಗಿದ್ದರು, "ಮೇಲೆ ಬರೆದ ಜಾಗ ಒಂದು ಬಿಟ್ಟು ಮಿಕ್ಕ ಎಲ್ಲ ಕಡೆ." ಅಪ್ಪ ಓದಿದರು. ಅಂಗಿಯ ತೋಳಿನಿಂದ ಒರೆಸಿ ಒಳಗೆ ಬಂದು, ಟೀ ಆಯ್ತಾ ಎಂದು ಕೇಳಿದರು.

ನನಗೆ ಭಯವಾಗುತ್ತಿದೆ. ಮರೆವು ಶುರುವಾಗಿದೆಯೋ ಏನೋ. ಮುಂಜಾನೆ ಅವರ ಜೊತೆ ಇರುತ್ತಿದ್ದವಳು ನೀನು. ನೀನು ಇರುವಾಗಲೇ ಏನಾದರೂ ವ್ಯತ್ಯಾಸ ಕಂಡಿತ್ತಾ? ಹಲಗೆ ಇಳಿಸಿಬಿಡಲೇ? ಒಬ್ಬಳೇ ತೀರ್ಮಾನ ಮಾಡಲು ಧೈರ್ಯ ಸಾಲದು. ಉತ್ತರ ಬರೆ, ಬೈದಾದರೂ ಬರೆ.

ನಿನ್ನ ಅಕ್ಕ


ಮಾರ್ಚ್ 21

ಅಕ್ಕಾ,

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನ ಹಲಗೆ ತಪ್ಪುವುದೆಂದರೇನು? ಎಲ್ಲ ಗೊತ್ತಿರುವ ಮನುಷ್ಯ ಅವರು. ಈಗ ಗೊತ್ತಿಲ್ಲದವಳನ್ನು ಯಾಕೆ ಕೇಳುತ್ತೀಯ?

ಅವರ ಜೊತೆ ಇರುತ್ತಿದ್ದೆ ಎನ್ನುತ್ತೀಯ. ಜೊತೆ ಎಲ್ಲಿ ಬಂತು? ನಾನು ದೋಣಿಯಲ್ಲಿ, ಅವರು ಹಿತ್ತಲ ಮೆಟ್ಟಿಲ ಮೇಲೆ. ಸೊಂಟ ಮುರಿದುಕೊಂಡ ಮೇಲೆ ಅವರು ದೋಣಿಗೆ ಕಾಲಿಟ್ಟದ್ದೇ ಇಲ್ಲ. ನಾನು ದಡಕ್ಕೆ ಬರುವುದೇ ತಡ, ಪರೀಕ್ಷೆ ಶುರು. "ಎಲ್ಲಿದ್ವು?" "ಎಷ್ಟು ಆಳ?" "ಏನಕ್ಕೆ ಕಚ್ಚಿದ್ವು?" ಎಲ್ಲ ಹೇಳಿದರೆ ಒಂದೇ ಮಾತು, "ಗೊತ್ತು." ಮೆಟ್ಟಿಲ ಮೇಲೆ ಕೂತೇ ಗಾಳಿ ನೋಡಿ, ಹಕ್ಕಿ ನೋಡಿ ಎಲ್ಲ ತಿಳಿದುಕೊಂಡಿರುತ್ತಿದ್ದರು. ನನ್ನ ಉತ್ತರ ಸರಿಯಾಯಿತೋ ತಪ್ಪಾಯಿತೋ ಒಂದು ದಿನವೂ ಹೇಳಲಿಲ್ಲ. ಚಳಿಯಲ್ಲಿ ಕೈ ಮರಗಟ್ಟಿಸಿಕೊಂಡು ಬಂದವಳಿಗೆ "ಗೊತ್ತು." ಕೊನೆಗೆ "ನಾನು ಊರು ಬಿಟ್ಟು ಹೋಗ್ತೀನಿ" ಅಂದಾಗಲೂ "ಗೊತ್ತು." ನೀನೂ ಅಲ್ಲೇ ಇದ್ದೆಯಲ್ಲ, ಗಾಳದ ಡಬ್ಬಿ ಜೋಡಿಸುತ್ತಾ.

ಇಲ್ಲಿ ನಾನು ಈಜುಕೊಳದಲ್ಲಿ ಕೆಲಸಕ್ಕಿದ್ದೇನೆ. ಎಲೆ ಸೋಸುವುದು, ನೀರಿಗೆ ಔಷಧಿ ಹಾಕುವುದು, ಓಡಬೇಡಿ ಎಂದು ಮಕ್ಕಳನ್ನು ಗದರುವುದು. ತಳ ಕಾಣುತ್ತದೆ, ಆಳ ಎಷ್ಟೆಂದು ಗೋಡೆಯ ಮೇಲೇ ಬರೆದಿದೆ. ಇಂಥ ನೀರನ್ನು ನೋಡುತ್ತಾ ಕೂತರೆ ಆಕಳಿಕೆ ಬರುತ್ತದೆ.

ಒಂದು ಮಾತು ಹೇಳು. ಮಾರ್ಚ್‌ನಲ್ಲಿ ಬಾಸ್ ಬಿಸಿಲು ಬೀಳುವ ಕಡೆಯ ಆಳವಿಲ್ಲದ ನೀರಿಗೆ ಬರುತ್ತದೆ, ಜೊಂಡಿನ ಮೂಲೆಗೆ. ಅಪ್ಪ ಏನು ಬರೆದಿದ್ದಾರೆ? ಬೇರೇನಾದರೂ ಬರೆದಿದ್ದರೆ ಡಾಕ್ಟರಿಗೆ ತೋರಿಸು.

ಪುಟ್ಟಿ


ಏಪ್ರಿಲ್ 6

ಪುಟ್ಟೀ,

ಅಪ್ಪ ಬರೆದದ್ದು, "ಹಳೆ ಸೇತುವೆ, ಆಳ, ತಗಡಿನ ಚಮಚ." ಚಮಚ ಎಂದರೆ ಆ ಹೊಳೆಯುವ ಗಾಳ ತಾನೆ? ನನ್ನ ಹತ್ತಿರ ಮೂರು ಡಬ್ಬಿ ಉಳಿದಿದೆ, ಯಾರೂ ಕೊಳ್ಳುತ್ತಿಲ್ಲ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೊಣಕಾಲು ತೋರಿಸೋಣ ಎಂದು ಸುಳ್ಳು ಹೇಳಿಯೇ ಹೊರಡಿಸಿದ್ದು. ಡಾಕ್ಟರು ನಯವಾಗಿ ಕೇಳಿದರು, "ಇವತ್ತು ಯಾವ ವಾರ ಗೊತ್ತಾ, ಯಜಮಾನರೇ?"

"ಗೊತ್ತು," ಅಂದರು ಅಪ್ಪ.

"ಯಾವುದು?"

"ನಿಮಗೆ ಗೊತ್ತಿಲ್ವಾ?"

ಹೀಗೇ ಕಾಲು ಗಂಟೆ. ಕೊನೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, ಇವರಿಗೆ ಗೊತ್ತಿದೆಯೋ ಇಲ್ಲವೋ ನನಗೇ ಗೊತ್ತಾಗುತ್ತಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು, "ಮೊಣಕಾಲಿಗೂ ವಾರಕ್ಕೂ ಏನಮ್ಮಾ ಸಂಬಂಧ?"

ಮನೆಯಲ್ಲಿ ನಾನೂ ಪರೀಕ್ಷೆ ಮಾಡುತ್ತಿದ್ದೇನೆ. ಯಾವ ಡಬ್ಬಿಯಲ್ಲಿ ಯಾವ ನಂಬರಿನ ಗಾಳ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಾರೆ. ಹಾಲಿನವನಿಗೆ ಎಷ್ಟು ಕೊಡಬೇಕು, ಅಮ್ಮ ಹೋದ ದಿನ ಏನು ಮಳೆ, ಎಲ್ಲ ಸರಿ. ಮೀನು ಎಲ್ಲಿ ಎನ್ನುವುದು ಮಾತ್ರ ತಪ್ಪು. ತಲೆಯಲ್ಲಿ ಒಂದೇ ಕೋಣೆಗೆ ಬೀಗ ಬೀಳುತ್ತದಾ? ನನಗಂತೂ ತಲೆ ಬುಡ ತಿಳಿಯುತ್ತಿಲ್ಲ.

ನಿನ್ನ ಅಕ್ಕ


ಏಪ್ರಿಲ್ 19

ಅಕ್ಕಾ,

ಈ ತಿಂಗಳು ಹಳೆ ಸೇತುವೆಯ ಹತ್ತಿರ ಚಮಚ ಹಾಕಿದರೆ ಹಳೆ ಚಪ್ಪಲಿ ಸಿಗುತ್ತದೆ. ಇದು ಅಪ್ಪನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ಈಗ ಗಂಡು ಬಾಸ್ ಜೊಂಡಿನ ಬುಡದಲ್ಲಿ ಬಾಲದಿಂದ ಮಣ್ಣು ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟು ಹೋಗುತ್ತದೆ, ಕಾವಲು ಗಂಡಿನದು. ಹೊಟ್ಟೆಗೆ ಹಸಿವಿಲ್ಲದಿದ್ದರೂ ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ. ಅದನ್ನು ಎತ್ತಿದವರು ಕೂಡಲೇ ಅಲ್ಲೇ ಬಿಡಬೇಕು, ಇಲ್ಲದಿದ್ದರೆ ಸಣ್ಣ ಮೀನುಗಳು ಬಂದು ಮೊಟ್ಟೆ ತಿಂದು ಮುಗಿಸುತ್ತವೆ. ಬಂದವರಿಗೆ ಇದನ್ನಾದರೂ ಹೇಳು. ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು ಎಂದೂ ಹೇಳು, ಒಣಗಿದ ಕೈ ತಗುಲಿದರೆ ಮೈಮೇಲಿನ ಲೋಳೆ ಹೋಗುತ್ತದೆ.

ಜನರ ಕಾಟಕ್ಕೆ ಗೂಡು ಹಾಳಾಗದಿರಲಿ ಎಂದು ಬೇಕೆಂದೇ ಬೇರೆ ಜಾಗ ಬರೆಯುತ್ತಿರಬಹುದಾ? ಒಂದು ಗಳಿಗೆ ಹಾಗನ್ನಿಸಿ ಖುಷಿಯಾಯಿತು. ಆದರೆ ಹಲಗೆ ಚಳಿಗಾಲದಲ್ಲೂ ತಪ್ಪಿತ್ತಲ್ಲ, ಆಗ ಯಾವ ಗೂಡು?

ನನಗೂ ಗೊಂದಲ. ಒಂದು ಕೆಲಸ ಮಾಡು. ಎದ್ದಾಗಿನಿಂದ ಸೀಮೆಸುಣ್ಣ ಹಿಡಿಯುವವರೆಗೆ ಅಪ್ಪ ಏನೇನು ಮಾಡುತ್ತಾರೆ ನೋಡಿ ಬರೆ. ನಾನು ಕೇಳಿದೆ ಎನ್ನಬೇಡ.

ಪುಟ್ಟಿ


ಮೇ 8

ಪುಟ್ಟೀ,

ಪತ್ತೇದಾರಿ ಕೆಲಸ ಮಾಡಿದ್ದೇನೆ, ಶಹಬ್ಬಾಸ್ ಅನ್ನು.

ಕತ್ತಲು ಹರಿಯುವ ಮೊದಲೇ ಏಳುತ್ತಾರೆ. ಟೀ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಾರೆ. ಕೆರೆ ನೋಡುತ್ತಾರೆ ಎಂದುಕೊಂಡಿದ್ದೆ ಇಷ್ಟು ವರ್ಷ. ಪರದೆ ಸರಿಸಿ ನೋಡಿದೆ, ಕೆರೆಯನ್ನಲ್ಲ, ಪಕ್ಕದಲ್ಲಿ ನಿನ್ನ ದೋಣಿ ಕವುಚಿ ಹಾಕಿದೆಯಲ್ಲ, ಆ ಕಡೆ ಮುಖ. ಅದನ್ನು ಬಾಡಿಗೆಗೆ ಕೇಳಿದವರಿಗೆ ತೂತಾಗಿದೆ ಎನ್ನುತ್ತಾರೆ. ಎಲ್ಲಿ ತೂತು, ನನಗೆ ಕಾಣಲಿಲ್ಲ. ಟೀ ಆರಿ ಹೋಗುತ್ತದೆ, ಹಾಗೇ ಚೆಲ್ಲಿ ಒಳಗೆ ಬರುತ್ತಾರೆ.

ಆಮೇಲೆ ಕೆರೆಗೆ ಹೋದವರು ಒಬ್ಬೊಬ್ಬರಾಗಿ ಹಿಂದಿರುಗುತ್ತಾರಲ್ಲ, ಅಪ್ಪ ಕೋಲೂರಿಕೊಂಡು ಎದುರಿಗೆ ಹೋಗಿ ಮಾತಾಡಿಸುತ್ತಾರೆ. ಅಪ್ಪ ತಾವಾಗಿ ಯಾರನ್ನಾದರೂ ಮಾತಾಡಿಸುವುದು ನೀನು ನೋಡಿದ್ದೀಯಾ? "ಏನ್ರೀ, ಸಿಕ್ತಾ? ಯಾವ ಕಡೆ?" ದರ್ಜಿ ಪಂಪ್ ಮನೆ ಅಂದ. ಹಲ್ಲಿನ ಡಾಕ್ಟರು ಹಳೆ ಸೇತುವೆ ಅಂದರು, ಆಳ, ಚಮಚ ಅಂದರು. ತಲೆ ತುಂಬ ಜೊಂಡಿನ ಹತ್ತಿ, ಮಾತು ಮಾತ್ರ ಬಲು ಗಂಭೀರ, ನನಗೆ ನಗು ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಬರೆದದ್ದೇನು? "ಹಳೆ ಸೇತುವೆ, ಆಳ, ಚಮಚ." ಒಂದಕ್ಷರ ಆಚೆ ಈಚೆ ಇಲ್ಲ.

ಅಂದರೆ ಮರೆವು ಗಿರಿವು ಏನೂ ಇಲ್ಲ! ಕೇಳಿದ್ದನ್ನು ಕೇಳಿದ ಹಾಗೇ ನೆನಪಿಟ್ಟು ಬರೆಯುತ್ತಾರೆ. ಹಾಗಿದ್ದರೆ ತಪ್ಪುವುದು ಯಾಕೆ? ಮೀನುಗಳೇ ರಾತ್ರೋರಾತ್ರಿ ಜಾಗ ಬದಲಾಯಿಸುತ್ತಿವೆಯಾ? ನೀನೇ ಹೇಳಬೇಕು.

ಜನರ ನಗು ಮಾತ್ರ ಹೆಚ್ಚಾಗಿದೆ. ಮೊನ್ನೆ ಇಬ್ಬರು ಹಲಗೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಹಲ್ಲು ಕಿರಿಯುತ್ತಾ. ಅಪ್ಪ ಒಳಗಿದ್ದರು, ಆದರೆ ಹೇಳಿದೆನಲ್ಲ, ಕಿವಿ ಚುರುಕು.

ನಿನ್ನ ಅಕ್ಕ


ಮೇ 20

ಅಕ್ಕಾ,

ಇಷ್ಟು ವರ್ಷ ಗಾಳ ಮಾರಿದ್ದೀಯ, ಗಾಳ ಹಾಕುವವರ ಬುದ್ಧಿ ನಿನಗೆ ತಿಳಿಯಲಿಲ್ಲವಾ? ಮೀನು ಸಿಕ್ಕ ಜಾಗವನ್ನು ಯಾವನೂ ನಿಜ ಹೇಳುವುದಿಲ್ಲ. ಹೆಂಡತಿಗೂ ಹೇಳುವುದಿಲ್ಲ. ಹೇಳಿದರೆ ನಾಳೆ ಅಲ್ಲಿ ಹತ್ತು ದೋಣಿ ನಿಂತಿರುತ್ತವೆ. ಅದರಲ್ಲೂ ಹಲಗೆಯ ಮೇಲೆ ಬರೆಯುವವರಿಗೆ ಹೇಳುತ್ತಾರಾ? ತಲೆಯಲ್ಲಿ ಜೊಂಡಿನ ಹತ್ತಿ ಇದ್ದವರು ಹೋಗಿದ್ದು ಜೊಂಡಿನ ಮೂಲೆಗೇ, ಅಕ್ಕಾ. ಹಳೆ ಸೇತುವೆಯ ಹತ್ತಿರ ಜೊಂಡು ಎಲ್ಲಿದೆ? ಅಪ್ಪನನ್ನು ಅವರೆಲ್ಲ ಸೇರಿ ಮಂಗ ಮಾಡುತ್ತಿದ್ದಾರೆ.

ಇಷ್ಟು ಬರೆದು ಎದ್ದು ಹೋಗಿದ್ದೆ. ಕೊಳದಲ್ಲಿ ಎಲೆ ಸೋಸುವಾಗ ಇನ್ನೊಂದು ಹೊಳೆಯಿತು, ಬಲೆ ಅಲ್ಲೇ ಬಿಟ್ಟು ಬಂದಿದ್ದೇನೆ.

ಅವರು ಸುಳ್ಳು ಹೇಳುತ್ತಾರೆಂದು ಅಪ್ಪನಿಗೆ ಗೊತ್ತಿರದೆ ಇರುತ್ತದಾ? ಜೀವಮಾನ ಪೂರ್ತಿ ಈ ಜನರ ನಡುವೆ ಇದ್ದವರು. ಗೊತ್ತಿದ್ದೂ ಬರೆಯುತ್ತಾರೆ ಅಂದರೆ ಬರೆಯಲು ಬೇರೇನೂ ಇಲ್ಲ ಅಂತ ತಾನೆ? ಮೊದಲು ಏನಿತ್ತು? ಮೆಟ್ಟಿಲ ಮೇಲೆ ಕೂತು ಗಾಳಿ ಓದುತ್ತಾರೆ ಎಂದು ನಾನೂ ನಂಬಿದ್ದೆ. ಗಾಳಿ ಈಗಲೂ ಬೀಸುತ್ತದೆ, ಹಕ್ಕಿ ಈಗಲೂ ಬರುತ್ತದೆ. ಇಲ್ಲದ್ದು ಏನು?

ಅಕ್ಕಾ, ಅದು ಪರೀಕ್ಷೆ ಆಗಿರಲಿಲ್ಲವಾ? ನಿಜವಾಗಿಯೂ ಕೇಳುತ್ತಿದ್ದರಾ?

ಹಾಗಿದ್ದರೆ "ಗೊತ್ತು" ಅಂತ ಯಾಕೆ ಅನ್ನಬೇಕಿತ್ತು? ನನಗೆ ಸಿಟ್ಟು ಬರುತ್ತಿದೆ. ಸಿಟ್ಟು ಯಾರ ಮೇಲೆ ಎಂದು ತಿಳಿಯುತ್ತಿಲ್ಲ. ಒಂದು ಸಲ, ಒಂದೇ ಒಂದು ಸಲ, ನೀನು ಹೇಳಿದ್ದು ಒಳ್ಳೆಯದಾಯಿತು ಪುಟ್ಟಿ ಅಂದಿದ್ದರೆ ನಾನು ಈ ಔಷಧಿ ವಾಸನೆಯ ನೀರಿನ ಪಕ್ಕ ಬಂದು ಕೂರುತ್ತಿರಲಿಲ್ಲ.

ಹಲಗೆ ಇಳಿಸಬೇಡ.

ಪುಟ್ಟಿ


ಜೂನ್ 2

ಪುಟ್ಟೀ,

ನಿನ್ನ ಕಾಗದ ಕೈಗೆ ಬರುವ ಹಿಂದಿನ ದಿನವೇ ಹಲಗೆ ಇಳಿಸಿಬಿಟ್ಟಿದ್ದೆ.

ಏನು ಮಾಡಲಿ ಹೇಳು. ಪ್ರಾಯದ ಹುಡುಗರ ಗುಂಪೊಂದು ಅಪ್ಪನ ಎದುರಿಗೇ, "ತಾತಾ, ಹಲಗೆ ನೋಡೇ ಹೋಗಿದ್ವಿ, ಬರೀ ಗಾಳಿ ತಿಂದು ಬಂದ್ವಿ" ಅಂದಿತು. ಎಲ್ಲರೂ ಘೊಳ್ಳೆಂದು ನಕ್ಕರು. ಅಪ್ಪನೂ ನಕ್ಕರು. ಆ ನಗು ನನ್ನಿಂದ ನೋಡಲಾಗಲಿಲ್ಲ. ಅಪ್ಪ ಊಟಕ್ಕೆ ಕೂತಾಗ ಹಲಗೆ ಕಳಚಿ ಹಳೆ ಬಲೆಗಳ ಹಿಂದೆ ಇಟ್ಟೆ. ಅವರ ಒಳ್ಳೆಯದಕ್ಕೇ ಎಂದುಕೊಂಡೆ. ಊಟ ಮುಗಿಸಿ ಹೊರಗೆ ಬಂದು ಖಾಲಿ ಗೋಡೆ ನೋಡಿದರು. ಜೇಬಿನಲ್ಲಿದ್ದ ಸೀಮೆಸುಣ್ಣದ ತುಂಡನ್ನು ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ, ಚಿಲ್ಲರೆ ಡಬ್ಬಿಯ ಪಕ್ಕದಲ್ಲಿ ಇಟ್ಟು ಮಲಗಲು ಹೋದರು.

ಮರುದಿನ ನಿನ್ನ ಕಾಗದ. ಓದಿದೆ. ಓಡಿ ಹೋಗಿ ಹಲಗೆ ಮತ್ತೆ ತೂಗು ಹಾಕಿದೆ. ಆದರೆ ಅಪ್ಪ ಬರೆಯುತ್ತಿಲ್ಲ. ಸೀಮೆಸುಣ್ಣ ಕೈಗೆ ಕೊಟ್ಟರೆ "ಅಲ್ಲಿಡು" ಎನ್ನುತ್ತಾರೆ. ಮೆಟ್ಟಿಲ ಕಡೆಯೂ ಹೋಗುತ್ತಿಲ್ಲ. ಸೂರ್ಯ ನೆತ್ತಿಗೆ ಬರುವವರೆಗೆ ಮಲಗಿರುತ್ತಾರೆ, ನಮ್ಮ ಅಪ್ಪ! ಮೇಲೆ "ಇವತ್ತು ಮೀನು ಎಲ್ಲಿ?" ಎಂದಿದೆ, ಕೆಳಗೆ ಏನೂ ಇಲ್ಲ. ಬಂದವರು ಒಂದು ನಿಮಿಷ ನಿಂತು ನೋಡಿ ಹೋಗುತ್ತಾರೆ.

ನೀನು ಬರೆದದ್ದನ್ನು ಅವರಿಗೆ ಹೇಳಲಾ? ಹೇಳಿದರೆ "ಗೊತ್ತು" ಎನ್ನುತ್ತಾರೆ. ಆಮೇಲೆ? ಅಪ್ಪ ಹೀಗೇ ಹಾಸಿಗೆ ಹಿಡಿದುಬಿಟ್ಟರೆ ಅದು ನನ್ನ ಕೈಯಾರೆ ಆದ ಹಾಗೆ.

ನಿನ್ನ ಅಕ್ಕ


ಜೂನ್ 12

ಅಕ್ಕಾ,

ಏನೂ ಹೇಳಬೇಡ. ದೋಣಿ ಇಳಿಸು.

ಹೌದು, ನೀನೇ. ನೀರು ಕಂಡರೆ ಹೆದರುತ್ತೀಯ, ಗೊತ್ತು. (ನೋಡಿದೆಯಾ, ನನಗೂ ಅದೇ ಚಾಳಿ.) ಗಾಳಿಯಿಲ್ಲದ ಬೆಳಿಗ್ಗೆ ನೋಡಿ ಹೋಗು. ತೇಲುವ ಜಾಕೀಟು ನನ್ನ ಗೂಟಕ್ಕೇ ನೇತು ಹಾಕಿದೆ, ಹಾಕಿಕೊಳ್ಳದೆ ದೋಣಿ ಹತ್ತಬೇಡ. ಹೋಗುವ ಕಡೆಗೆ ಬೆನ್ನು ಮಾಡಿ ಕೂರಬೇಕು, ಎರಡು ಹುಟ್ಟನ್ನೂ ಒಟ್ಟಿಗೆ ಎಳೆಯಬೇಕು, ಒಂದನ್ನೇ ಎಳೆದರೆ ಗಾಣದ ಎತ್ತಿನ ಹಾಗೆ ಸುತ್ತುತ್ತೀಯ.

ಮೀನು ಹಿಡಿಯಬೇಡ, ಬರೀ ನೋಡು. ಮಳೆ ಹಿಡಿಯುವವರೆಗೂ ಬಿಸಿಲ ಕಾಲವೇ. ಬೆಳಕು ಹರಿಯುವಾಗ ಜೊಂಡಿನ ಅಂಚಿನಲ್ಲಿ ಸಣ್ಣ ಮೀನುಗಳು ನೀರಿನಿಂದ ಚಿಮ್ಮುತ್ತಿದ್ದರೆ ಕೆಳಗೆ ಬಾಸ್ ಅಟ್ಟಿಸಿಕೊಂಡು ಬಂದಿದೆ ಎಂದರ್ಥ. ಬಿಸಿಲು ಏರಿದ ಮೇಲೆ ನೆರಳು ಹುಡುಕು, ಬಿದ್ದ ಮರದ ಕೆಳಗೆ, ಪಂಪ್ ಮನೆಯ ಕಟ್ಟೆಯ ಕೆಳಗೆ. ಗಾಳಿ ಯಾವ ದಡಕ್ಕೆ ಬಡಿಯುತ್ತದೋ ಆ ದಡ ನೋಡು, ತಿನ್ನುವುದೆಲ್ಲ ಅಲ್ಲಿಗೆ ಬಂದು ಸೇರುತ್ತದೆ.

ವಾಪಸ್ ಬಂದು ಕಂಡದ್ದನ್ನು ಅಪ್ಪನಿಗೆ ಹೇಳು. ಕಾಣದ್ದನ್ನು ಕಂಡೆ ಎನ್ನಬೇಡ. ಕೆರೆಯಲ್ಲಿ ಅವರಿಗೆ ನಿಜ ಹೇಳುವವರು ಒಬ್ಬರಾದರೂ ಇರಲಿ.

ನಾನು ಹೇಳಿಕೊಟ್ಟೆ ಎನ್ನಬೇಡ.

ಪುಟ್ಟಿ


ಜುಲೈ 3

ಪುಟ್ಟೀ,

ಸಾಯಲಿಲ್ಲ. ಅದೇ ದೊಡ್ಡ ಸುದ್ದಿ.

ಜಾಕೀಟಿನ ಗುಂಡಿ ನನಗೆ ಕೂರಲಿಲ್ಲ, ನೀನು ಕಡ್ಡಿ, ನಾನು ನಾನು. ಹಗ್ಗದಲ್ಲಿ ಕಟ್ಟಿಕೊಂಡೆ. ಹುಟ್ಟು ಎಳೆದರೆ ದೋಣಿ ಸುತ್ತಿತು, ಎರಡನ್ನೂ ಎಳೆದರೂ ಸುತ್ತಿತು. ದರ್ಜಿ ದೂರದಿಂದಲೇ, "ಅಕ್ಕಾವ್ರೇ, ದಡ ಆ ಕಡೆ!" ಎಂದು ಕೂಗಿದ. ನಾಚಿಕೆ ಬಿಟ್ಟು ಮುಂದೆ ಹೋದೆ. ಜೊಂಡಿನ ಹತ್ತಿರ ಹೋಗಿ ನಿಂತೆ, ಅಥವಾ ಜೊಂಡೇ ನನ್ನನ್ನು ನಿಲ್ಲಿಸಿತು. ನೋಡಿದೆ, ನೋಡಿದೆ, ನೋಡಿದೆ. ನೀರಿತ್ತು. ಒಂದು ಹಕ್ಕಿ ಇತ್ತು. ನೀನು ಇಷ್ಟು ವರ್ಷ ಅಲ್ಲಿ ಏನು ಓದುತ್ತಿದ್ದೆಯೋ ದೇವರೇ ಬಲ್ಲ. ಆದರೆ ಅಷ್ಟು ಹೊತ್ತಿನಲ್ಲಿ ನಮ್ಮ ಮನೆ ಕೆರೆಯ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಮೊದಲ ಸಲ ನೋಡಿದೆ. ಪುಟ್ಟದಾಗಿ, ಮೆಟ್ಟಿಲು ಖಾಲಿಯಾಗಿ.

ವಾಪಸ್ ಬರುವಾಗ ಖಾಲಿ ಇರಲಿಲ್ಲ. ಯಾರು ಎಬ್ಬಿಸಿದರೋ, ದರ್ಜಿಯ ಕೂಗೇ ಎಬ್ಬಿಸಿತೋ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಅಪ್ಪ ನೀರಿನ ಅಂಚಿಗೇ ಬಂದು ನಿಂತಿದ್ದರು. ಮುಖ ಬಿಳಿಚಿತ್ತು. ಹಗ್ಗ ಹಿಡಿದು ದೋಣಿ ಎಳೆದುಕೊಂಡರು. ಗೂಟಕ್ಕೆ ಕಟ್ಟಿ ಕೇಳಿದರು, "ಎಲ್ಲಿದ್ವು?"

"ನಂಗೆ ಏನೂ ಕಾಣ್ಲಿಲ್ಲಪ್ಪ," ಅಂದೆ. "ನೀರು ಕಂಡಿತು."

"ಗೊತ್ತು" ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ನನ್ನ ಜಾಕೀಟಿನ ಗಂಟು ಬಿಚ್ಚಿ ಕೊಟ್ಟರು. ನೇರ ಅಂಗಡಿಗೆ ಹೋಗಿ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು: "ಗೊತ್ತಿಲ್ಲ."

ಪುಟ್ಟಿ, ಅಪ್ಪನ ಕೈಬರಹದಲ್ಲಿ ಆ ಪದ ನಾನು ನೋಡಿದ್ದೇ ಇಲ್ಲ. ಜನ ಬಂದು ಓದಿದರು. ಯಾರೂ ನಗಲಿಲ್ಲ. ಹಲ್ಲಿನ ಡಾಕ್ಟರು ಎರಡು ಸಲ ಓದಿ, ಎರೆಹುಳು ಕೊಂಡು ಹೋದರು. ಅಂದಿನಿಂದ ದಿನಾ ಅದೇ ಬರೆಯುತ್ತಿದ್ದಾರೆ, ದಿನಾ ಒರೆಸಿ ಹೊಸದಾಗಿ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಅರ್ಥವಾಗುತ್ತಿಲ್ಲ. ಟೀ ಮಾತ್ರ ಕುಡಿಯುತ್ತಿದ್ದಾರೆ.

ನಿನ್ನ ಅಕ್ಕ


ಆಗಸ್ಟ್ 19

ಪುಟ್ಟಿಗೆ,

ನಿನ್ನ ವಿಳಾಸ ಅಕ್ಕನ ತಲೆದಿಂಬಿನ ಕೆಳಗಿನ ಲಕೋಟೆಯಿಂದ ತೆಗೆದುಕೊಂಡೆ. ಲಕೋಟೆ ಮಾತ್ರ ನೋಡಿದೆ, ಒಳಗಿನದು ಓದಿಲ್ಲ.

ಇಲ್ಲಿ ಪಶ್ಚಿಮದ ಗಾಳಿ ಬಿಡದೆ ಬೀಸುತ್ತಿದೆ. ಈ ಸಲ ಮಳೆ ಕಡಿಮೆ, ನೀರು ಇಳಿದಿದೆ, ಹಳೆ ಕಟ್ಟೆಯ ಕಲ್ಲು ಕಾಣುತ್ತಿದೆ. ನಿನ್ನ ಅಕ್ಕ ವಾರಕ್ಕೆರಡು ಸಲ ದೋಣಿ ತೆಗೆದುಕೊಂಡು ಹೋಗುತ್ತಾಳೆ. ನೀರು ಹೇಗಿತ್ತು ಎಂದರೆ ನೀಲಿ ಎನ್ನುತ್ತಾಳೆ. ಇಂಥವಳ ಜೊತೆ ಏನು ಮಾಡುವುದು?

ದರ್ಜಿ ಸುಳ್ಳ. ಹಲ್ಲಿನ ಡಾಕ್ಟರು ಅವನಿಗಿಂತ ಒಂದು ಕೈ ಮೇಲು. ಚಳಿಗಾಲದಲ್ಲಿ ಕೆಲವು ದಿನ ಅವರು ಹೇಳಿದ್ದನ್ನು ತಿರುಗಿಸಿ ಬರೆದು ನೋಡಿದೆ. ಆಗಲೂ ತಪ್ಪಿತು.

ಕೇಳುವುದು ಇಷ್ಟೇ. ನೀರು ಇಳಿದಾಗ, ಈ ಗಾಳಿಯಲ್ಲಿ, ನೀನು ಬಿದ್ದ ಮರದ ಯಾವ ಮಗ್ಗುಲಲ್ಲಿ ಗಾಳ ಬಿಡುತ್ತಿದ್ದೆ? ಎಷ್ಟು ಆಳ? ಯಾವ ಬಣ್ಣದ ರಬ್ಬರ್ ಹುಳು? ಒಂದು ಸಲ ಹೇಳಿದ್ದೆ. ನಾನು ಗೊತ್ತು ಅಂದಿದ್ದೆ. ಗೊತ್ತಿರಲಿಲ್ಲ.

ಆ ಊರಿನಲ್ಲಿ ಚಳಿ ಹೇಗಿದೆ ತಿಳಿಯದು. ಕೈ ಬೆಚ್ಚಗೆ ಇಟ್ಟುಕೋ.

ಅಪ್ಪ


ಆಗಸ್ಟ್ 30

ಅಪ್ಪಾ,

ಬಿದ್ದ ಮರದ ಬೇರಿನ ಕಡೆ ಅಲ್ಲ, ತುದಿಯ ಕಡೆ. ನೀರು ಇಳಿದಾಗ ಬಾಸ್ ಅಲ್ಲಿಂದ ಸ್ವಲ್ಪ ಆಚೆ, ತಳ ಇದ್ದಕ್ಕಿದ್ದಂತೆ ಜಾರುವ ಕಡೆ ಇಳಿಯುತ್ತದೆ. ಎರಡಾಳು ನೀರು. ಬಿಸಿಲಿದ್ದರೆ ಹಸಿರು ಹುಳು, ಮೋಡವಿದ್ದರೆ ಕಪ್ಪು. ಸೀಸದ ಗುಂಡು ಸಣ್ಣದಿರಲಿ. ಹುಳು ತಾನಾಗಿ ಮುಳುಗಬೇಕು, ಎಳೆಯಬಾರದು. ದಾರ ಸಡಿಲ ಬಿಟ್ಟು ದಾರವನ್ನೇ ನೋಡುತ್ತಿರಬೇಕು. ಅದು ಪಕ್ಕಕ್ಕೆ ಸರಿದರೆ ಕಚ್ಚಿದೆ ಎಂದರ್ಥ, ಕೈಗೆ ತಿಳಿಯುವವರೆಗೆ ಕಾಯಬಾರದು.

ಪಶ್ಚಿಮದ ಗಾಳಿ ಬಿಡದೆ ಬೀಸಿದರೆ ಮರ ಬಿಟ್ಟು ಪಂಪ್ ಮನೆಯ ದಡ ನೋಡುವುದು. ಅಲ್ಲಿ ಬೆಳಿಗ್ಗೆ ಮಾತ್ರ.

ಎಲ್ಲ ಎರಡು ವರ್ಷದ ಹಿಂದಿನ ಮಾತು. ಮರ ಅಲ್ಲೇ ಇದೆಯೋ, ತಳದ ಮಣ್ಣು ಸರಿದಿದೆಯೋ ನಾನು ನೋಡಿಲ್ಲ. ನೋಡದೆ ಹೇಳಿದ್ದನ್ನು ಹಲಗೆಗೆ ಬರೆಯಬೇಡಿ.

ಇಷ್ಟು ದಿನ ಅದು ಪರೀಕ್ಷೆ ಎಂದುಕೊಂಡಿದ್ದೆ ಅಪ್ಪಾ. ಈಗ ಏನು ಎಂದುಕೊಳ್ಳಬೇಕೋ ತಿಳಿಯುತ್ತಿಲ್ಲ. ನಿಮ್ಮ ಕಾಗದವನ್ನು ಕೊಳದ ಹತ್ತಿರ ಓದಿದೆ, ಒಂದು ಮೂಲೆ ಒದ್ದೆಯಾಯಿತು. ನೀರೇ.

ಪುಟ್ಟಿ


ಸೆಪ್ಟೆಂಬರ್ 8

ಪುಟ್ಟೀ,

ಅಪ್ಪನಿಗೆ ನೀನು ಏನು ಬರೆದೆಯೋ ನನಗೆ ತೋರಿಸಲಿಲ್ಲ. ಮೆಟ್ಟಿಲ ಮೇಲೆ ಕೂತು ಓದಿದರು, ಮಡಚಿದರು, ಬಿಚ್ಚಿ ಮತ್ತೆ ಓದಿದರು. ಆಮೇಲೆ ಒದ್ದೆ ಬಟ್ಟೆ ತಂದು ಹಲಗೆಯನ್ನು ಮೂಲೆ ಮೂಲೆಯೂ ಒರೆಸಿದರು. ಬರೆಯುತ್ತಾ ಹೋದರು, ಜಾಗ ಸಾಲದೆ ಕೊನೆಕೊನೆಗೆ ಅಕ್ಷರ ಇರುವೆಯಷ್ಟಾಯಿತು. ಮರದ ತುದಿ, ಎರಡಾಳು ನೀರು, ಹಸಿರು ಹುಳು, ಕಪ್ಪು ಹುಳು, ಪಂಪ್ ಮನೆ, ದಾರ ನೋಡುವುದು, ಏನೇನೋ. ಕೆಳಗೆ, "ಎರಡು ವರ್ಷದ ಹಿಂದಿನ ಮಾತು. ಈಗ ನೋಡಿಲ್ಲ. ಹೇಳಿದ್ದು ಪುಟ್ಟಿ."

ಹಲ್ಲಿನ ಡಾಕ್ಟರು ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ಓದಿದರು. "ಪುಟ್ಟಿ ಯಾರು ಯಜಮಾನರೇ?" ಎಂದು ಕೇಳಿದರು.

"ನನ್ನ ಚಿಕ್ಕ ಮಗಳು," ಅಂದರು ಅಪ್ಪ. "ಈ ಹಲಗೆ ಮೇಲೆ ಇದ್ದದ್ದೆಲ್ಲ ಅವಳು ಹೇಳಿದ್ದೇ. ಕೆರೆ ಗೊತ್ತಿದ್ದದ್ದು ಅವಳಿಗೆ. ನನಗಲ್ಲ."

ಅಂಗಡಿ ತುಂಬ ಜನ, ಪುಟ್ಟಿ. ದರ್ಜಿ ಇದ್ದ, ಗಾಳಿ ತಿಂದು ಬಂದ ಹುಡುಗರಿದ್ದರು. ಎಲ್ಲರೆದುರಿಗೆ ಅಂದರು. ನಾನು ಗಾಳದ ಡಬ್ಬಿ ಜೋಡಿಸುತ್ತಿದ್ದೆ, ಬೆರಳಿಗೆ ಚುಚ್ಚಿಕೊಂಡೆ.

"ಈಗ ಎಲ್ಲಿದಾರೆ? ಬರ್ತಾರಾ?" ಎಂದರು ಡಾಕ್ಟರು.

ಅಪ್ಪ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಗೊತ್ತಿಲ್ಲ," ಅಂದರು.

ಮಧ್ಯಾಹ್ನವೆಲ್ಲ ನಿನ್ನ ದೋಣಿ ಕವುಚಿ ಹಾಕಿಕೊಂಡು ಡಾಂಬರು ಬಳಿದರು. ತೂತು ಎಲ್ಲಿದೆ ಎಂದು ಕೇಳಿದೆ. ಎಲ್ಲೂ ಇಲ್ಲ, ಸಿದ್ಧ ಇರಲಿ ಅಂದರು.

ನಿನ್ನ ಅಕ್ಕ